ಡ್ರೈವರ್ ಇಲ್ಲದ ಟ್ರ್ಯಾಕ್ಟರ್, ಬದುವಿನ ಮೇಲೆ ಡ್ರೈವರ್

ಭಾನುವಾರದಿಂದ ಒಂದೇ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿದೆ. "ಸಣ್ಣೊಡೆಯಾ, ನೆಲ ಮೆತ್ತಗಾದ್ದು ನಂಗೆ ಕುಂಡೆಗೆ ಗೊತ್ತಾಗ್ತೈತೆ. ಇದ್ಕೆ ಕುಂಡೆ ಎಲ್ಲೈತೆ?"

ಹೇಳಿದ್ದು ಭಾವನ ಮನೆಯ ಟ್ರ್ಯಾಕ್ಟರ್ ಡ್ರೈವರಣ್ಣ. ಹೇಳಿ ಮುಗಿದ ಮೇಲೆ ನಾನೂ ಅಲ್ಲೇ ನಿಂತಿದ್ದು ಕಂಡು ನಾಲಿಗೆ ಕಚ್ಚಿಕೊಂಡರು. ನಾನು ಕೇಳಿಸಲೇ ಇಲ್ಲ ಅನ್ನುವ ಹಾಗೆ ಮೋಡ ನೋಡಿದೆ. ಆಗ ಒಳಗೊಳಗೇ ನಗು ಬಂದಿತ್ತು. ಸಂಜೆ ಶಿರಸಿಗೆ ವಾಪಸ್ ಬರುವ ಬಸ್ಸಿನಲ್ಲಿ ಮಾತ್ರ ನಗು ಬರಲಿಲ್ಲ.

ಅಕ್ಕನ ಮನೆ ಬನವಾಸಿ ಕಡೆ. ಅವಳ ಮಗ ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಹೊತ್ತುಕೊಂಡು ಮನೆಗೆ ಬಂದು ಕೂತಿದ್ದಾನೆ. ಉಳಿದ ಹೊತ್ತಿನಲ್ಲಿ ಮನೆಯ ಟ್ರ್ಯಾಕ್ಟರಿಗೆ ವೈರು ಎಳೆಯುತ್ತಾನೆ. "ಚಿಕ್ಕಿ, ಭಾನುವಾರ ಬಾ, ಡ್ರೈವರ್ ಇಲ್ದೇ ಗದ್ದೆ ಹೂಡ್ತೆ" ಅಂತ ಫೋನ್ ಮಾಡಿದ. ಹೋಗದೇ ಇರಲು ಆಗುತ್ತದಾ? ಊರಿನವರೂ ಅರ್ಧಕ್ಕರ್ಧ ಬಂದಿದ್ದರು. ಕೆಲವರು ನೋಡಲು, ಜಾಸ್ತಿ ಜನ ಅದು ಎಲ್ಲಿ ಹೂತುಕೊಳ್ಳುತ್ತದೆ ಅಂತ ನೋಡಲು.

ಹೂತುಕೊಳ್ಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹುಡುಗ ಮಾಡಿದ ಕೆಲಸ ಚಂದ ಇತ್ತು.

ಮನೆಯ ಮಾಳಿಗೆ ಮೇಲೆ ಒಂದು ಆಂಟೆನಾ, ಟ್ರ್ಯಾಕ್ಟರ್ ತಲೆ ಮೇಲೆ ಇನ್ನೊಂದು. ಮನೆಯ ಆಂಟೆನಾ ಕದಲುವುದಿಲ್ಲ. ಹಾಗಾಗಿ ಉಪಗ್ರಹದ ಲೆಕ್ಕ ಆ ಕ್ಷಣ ಎಷ್ಟು ತಪ್ಪಿದೆ ಅಂತ ಅದು ಹಿಡಿಯಬಲ್ಲದು. ಆ ತಪ್ಪನ್ನು ರೇಡಿಯೋ ಮೂಲಕ ಟ್ರ್ಯಾಕ್ಟರಿಗೆ ಕಳಿಸುತ್ತದೆ. ನಮ್ಮ ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಹೇಳಿದರೆ, ಇದು ಎರಡು ಸೆಂಟಿಮೀಟರಿನೊಳಗೆ ಹೇಳುತ್ತದೆ. ಆರ್‌ಟಿಕೆ ಅನ್ನುತ್ತಾರೆ ಇದಕ್ಕೆ. ಮೊಬೈಲ್ ಇಂಟರ್ನೆಟ್ಟಿನಲ್ಲೂ ಕಳಿಸಬಹುದಂತೆ. ಆದರೆ ನಮ್ಮ ಕಡೆಯ ನೆಟ್‌ವರ್ಕ್ ನಂಬಿ ಟ್ರ್ಯಾಕ್ಟರ್ ಬಿಡುವವರು ಯಾರು? ಸ್ಟಿಯರಿಂಗಿಗೆ ಒಂದು ಮೋಟಾರ್, ಮುಂದಿನ ಗಾಲಿ ಎಷ್ಟು ತಿರುಗಿದೆ ಅಂತ ಅಳೆಯಲು ಒಂದು ಸೆನ್ಸರ್, ಟ್ರ್ಯಾಕ್ಟರ್ ಎಷ್ಟು ವಾಲಿದೆ ಅಂತ ನೋಡಲು ಇನ್ನೊಂದು. ಈ ಕೊನೆಯದು ಯಾಕೆ ಅಂತ ಕೇಳಿದ್ದಕ್ಕೆ ಅವನು ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದ. ಆಂಟೆನಾ ಇರುವುದು ನೆಲದಿಂದ ಎರಡೂವರೆ ಮೀಟರ್ ಎತ್ತರದಲ್ಲಿ. ಟ್ರ್ಯಾಕ್ಟರ್ ಐದು ಡಿಗ್ರಿ ವಾಲಿದರೆ ಸಾಕು, ಆಂಟೆನಾ 20 ಸೆಂಟಿಮೀಟರಿಗೂ ಜಾಸ್ತಿ ಪಕ್ಕಕ್ಕೆ ಹೋಗುತ್ತದೆ. ಗಾಲಿ ಸರಿಯಾದ ಜಾಗದಲ್ಲೇ ಇದ್ದರೂ ಯಂತ್ರಕ್ಕೆ ತಾನು ದಾರಿ ತಪ್ಪಿದೆ ಅನ್ನಿಸುತ್ತದೆ.

ಸಾಫ್ಟ್‌ವೇರ್ ಅವನದಲ್ಲ. ಕೆನಡಾದ ಆಲ್ಬರ್ಟಾದಲ್ಲಿ ಬ್ರಯಾನ್ ಟಿಶ್ಲರ್ ಅಂತ ಒಬ್ಬ ರೈತರಿದ್ದಾರೆ. ಅವರು ಅಗ್‌ಓಪನ್‌ಜಿಪಿಎಸ್ ಅಂತ ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿ ಅಂತ ಪುಕ್ಕಟೆ ಬಿಟ್ಟಿದ್ದಾರೆ. ಅದು ಸ್ಟಿಯರಿಂಗ್ ತಿರುಗಿಸುವುದಕ್ಕೆ ಮಾತ್ರ. ಸೀಟಿನಲ್ಲಿ ಮನುಷ್ಯ ಇರಬೇಕು ಅಂತಲೇ ಅದರ ಲೆಕ್ಕ. ಅದೇ ದೇಶದ ಮ್ಯಾನಿಟೋಬಾದ ರೈತ ಮ್ಯಾಟ್ ರೈಮರ್ 2015ರಲ್ಲಿ ಡ್ರೋನಿಗೆ ಹಾಕುವ ಆಟೋಪೈಲಟ್ ಬೋರ್ಡನ್ನು ಟ್ರ್ಯಾಕ್ಟರಿಗೆ ಕಟ್ಟಿದರು. ಕಾಳು ತುಂಬಿಕೊಳ್ಳುವ ಗಾಡಿ ಎಳೆದುಕೊಂಡು ಟ್ರ್ಯಾಕ್ಟರ್ ತಾನಾಗಿ ಕೊಯ್ಲು ಯಂತ್ರದ ಪಕ್ಕಕ್ಕೆ ಬರುವ ಹಾಗೆ ಮಾಡಿದರು. ನಮ್ಮ ಹುಡುಗನಿಗೆ ಹುಚ್ಚು ಹತ್ತಿದ್ದು ಅದನ್ನು ನೋಡಿ. ಆದರೆ ಅಲ್ಲೂ ಪಕ್ಕದ ಕೊಯ್ಲು ಯಂತ್ರದಲ್ಲಿ ಕಣ್ಣು ಬಿಟ್ಟುಕೊಂಡು ಮನುಷ್ಯ ಕೂತಿರುತ್ತಿದ್ದರು. ಇದನ್ನು ಅವನು ಊರಿನವರಿಗೆ ಹೇಳಲಿಲ್ಲ. ನಾನು ಕೆದಕಿ ಕೇಳಿದ ಮೇಲೆ ಹೇಳಿದ.

ಇವನು ಅದರ ಮೇಲೆ ತನ್ನದೂ ಸ್ವಲ್ಪ ಸೇರಿಸಿದ್ದಾನೆ. ಕೈ ಎಕ್ಸಲರೇಟರ್ ಹಾಕಿ, ಲೋ ಗೇರಿನಲ್ಲಿ ಬಿಟ್ಟು ಇಳಿದುಬಿಡುವುದು. ನಿಲ್ಲಿಸಲು ಕೈಯಲ್ಲಿ ರಿಮೋಟ್. ಅದರಲ್ಲಿ ಕೆಂಪು ಗುಂಡಿ ಒತ್ತಿದರೆ ಡೀಸೆಲ್ ಕಟ್ ಆಗುತ್ತದೆ. ರಿಮೋಟಿನ ಸಿಗ್ನಲ್ ತಪ್ಪಿದರೂ ಕಟ್ ಆಗುತ್ತದೆ. ಅಷ್ಟು ಬುದ್ಧಿ ಹುಡುಗನಿಗಿದೆ, ಪುಣ್ಯ. ಆ ರಿಮೋಟನ್ನು ಡ್ರೈವರಣ್ಣನ ಕೈಗೆ ಕೊಟ್ಟು ಬದುವಿನ ಮೇಲೆ ನಿಲ್ಲಿಸಿದ. ಇವನು ಟ್ಯಾಬ್ ಹಿಡಿದುಕೊಂಡ.

ಟ್ರ್ಯಾಕ್ಟರ್ ಹೊರಟಿತು. ಸೀಟು ಖಾಲಿ, ಸ್ಟಿಯರಿಂಗ್ ತಾನಾಗಿ ಅಷ್ಟಷ್ಟೇ ಅಲ್ಲಾಡುತ್ತಿದೆ, ಹಿಂದೆ ರೋಟಾವೇಟರ್ ಮಣ್ಣು ಹುಡಿ ಮಾಡುತ್ತಿದೆ. ನಿಜ ಹೇಳಬೇಕೆಂದರೆ ಮೈ ಜುಂ ಅಂತು. ಸಾಲು ಎಷ್ಟು ನೇರ ಅಂದರೆ, ಡ್ರೈವರಣ್ಣನೇ ಎರಡು ಹೆಜ್ಜೆ ಗದ್ದೆಗಿಳಿದು ಬಗ್ಗಿ ನೋಡಿದರು. "ನಂಗಿಂತ ಚಲೋ ಐತೆ" ಅಂದರು. ಹೊಟ್ಟೆಕಿಚ್ಚು ಇರಲಿಲ್ಲ ಆ ಮಾತಿನಲ್ಲಿ. ದಿನವಿಡೀ ಹಿಂದೆ ತಿರುಗಿ ತಿರುಗಿ ನೋಡಿ ಅವರ ಕುತ್ತಿಗೆ ಹೋಗಿದೆ. ಸ್ಟಿಯರಿಂಗ್ ತಾನಾಗಿ ತಿರುಗಿದರೆ ನಾನು ಸುಮ್ನೆ ಹಿಂದೆ ನೋಡಿಕೊಂಡು ಕೂರಬಹುದಲ್ಲ ಅಂತ ಅವರ ಆಸೆ. ಆ ಆಸೆಯನ್ನು ಅಲ್ಲಿದ್ದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಭಾವ ಮಾತ್ರ "ಇನ್ನು ಡ್ರೈವರ್ ಸಂಬಳ ಉಳೀತು" ಅಂದರು. ಡ್ರೈವರ್ ಪಕ್ಕದಲ್ಲೇ ನಿಂತಿದ್ದಾಗ.

ನಮ್ಮ ಭಾವ ಕೆಟ್ಟವರೇನಲ್ಲ. ಊಟಕ್ಕೆ ಬಂದವರಿಗೆ ಮತ್ತೊಂದು ಸೌಟು ತುಪ್ಪ ಹಾಕಿಸುವವರು. ಸಂಬಳ ಎಣಿಸುವಾಗ ಮಾತ್ರ ಬೆರಳು ನಿಧಾನ.

ತೊಂದರೆ ಶುರುವಾಗಿದ್ದು ಗದ್ದೆಯ ಪಡುವಣ ಬದಿಯಲ್ಲಿ. ಅಲ್ಲಿ ಅಡಿಕೆ ತೋಟ, ಅದರಾಚೆ ಬೆಟ್ಟ. ಮರಗಳು ಆಕಾಶ ಮುಚ್ಚಿದರೆ ಉಪಗ್ರಹದ ಸಿಗ್ನಲ್ ಅಡ್ಡಾದಿಡ್ಡಿ ಬರುತ್ತದೆ. "ಫಿಕ್ಸ್ ಹೋಯ್ತು, ಫ್ಲೋಟ್ ಬಂತು" ಅಂತ ಹುಡುಗ ಕೂಗಿದ. ಎರಡು ಸೆಂಟಿಮೀಟರಿನ ಲೆಕ್ಕ ಹೋಗಿ ಅಂದಾಜು ಉಳಿಯಿತು ಅಂತ ಅರ್ಥ. ಟ್ರ್ಯಾಕ್ಟರ್ ದಾರಿ ಮರೆತ ಎಮ್ಮೆ ಹಾಗೆ ನಿಂತುಬಿಟ್ಟಿತು. ನಿಲ್ಲುವ ಹಾಗೆ ಅವನೇ ಬರೆದಿದ್ದು, ಸರಿಯಾಗಿಯೇ ನಿಂತಿತು. ಆಮೇಲೆ ಡ್ರೈವರಣ್ಣ ಹೋಗಿ, ಹತ್ತಿ, ಅಲ್ಲಿಂದ ದಾಟಿಸಿ ಬಂದರು.

ತಿರುವಿನದು ಇನ್ನೊಂದು ಕಥೆ. ಮ್ಯಾನಿಟೋಬಾದಲ್ಲಿ ನೆಲ ಅಳೆದಿರುವುದೇ ಒಂದು ಮೈಲಿ ಚೌಕದಲ್ಲಿ, ಅಂದರೆ 640 ಎಕರೆ. ನಮ್ಮದು ಹತ್ತು ಗುಂಟೆ ಗದ್ದೆ, ಅದರಾಚೆ ಒಂದು ಬದು, ಕೆಳಗೆ ಇನ್ನೊಂದು ಗದ್ದೆ. ಹತ್ತು ಗುಂಟೆ ಅಂದರೆ ಹೆಚ್ಚು ಕಡಿಮೆ 40 ಮೀಟರ್ ಉದ್ದ, 25 ಮೀಟರ್ ಅಗಲ. ತಿರುಗಲು ಆಚೆ ಐದು, ಈಚೆ ಐದು ಮೀಟರ್ ಬಿಟ್ಟರೆ ಉದ್ದದಲ್ಲಿ ಕಾಲು ಭಾಗ ತಿರುವಿಗೇ ಹೋಯಿತು. ಆ ಕಾಲು ಭಾಗವನ್ನೂ ಮೂಲೆಗಳನ್ನೂ ಆಮೇಲೆ ಯಾರು ಹೂಡಬೇಕು? ಮತ್ತೆ ಡ್ರೈವರಣ್ಣನೇ.

ಹೀಗೆ ನಡೆಯುತ್ತಿರುವಾಗ ಅಕ್ಕ ಚಾ ತಂದಳು. ಯಾವತ್ತಿನ ಹಾಗೆ ಗದ್ದೆ ನಡುವೆ ನೇರ ಟ್ರ್ಯಾಕ್ಟರ್ ಕಡೆ ನಡೆದಳು. ಯಾಕೆಂದರೆ ಅವಳು ಬಂದರೆ ಟ್ರ್ಯಾಕ್ಟರ್ ನಿಲ್ಲುತ್ತದೆ. ಅವಳು ಗಂಡನ ಮನೆಗೆ ಬಂದ ಮೇಲೆ ಯಾವತ್ತೂ ಹಾಗೇ ಆಗಿದ್ದು. ಹುಡುಗ ಟ್ಯಾಬ್ ನೋಡುತ್ತಿದ್ದ. ಭಾವ ಯಾರಿಗೋ ವಿಡಿಯೋ ಕಾಲಿನಲ್ಲಿ ತೋರಿಸುತ್ತಿದ್ದರು. ನಾನು ಅಕ್ಕನ ಸೀರೆ ಕೆಸರಾಗುತ್ತದಲ್ಲ ಅಂತ ನೋಡುತ್ತಿದ್ದೆ. ಇಂಜಿನ್ ಸದ್ದು ತಟ್ಟನೆ ನಿಂತಿತು. ಡ್ರೈವರಣ್ಣ ಕೆಂಪು ಗುಂಡಿ ಒತ್ತಿದ್ದರು.

"ಅಮ್ಮ ಇನ್ನೂ ಇಪ್ಪತ್ತು ಮೀಟರ್ ದೂರ ಇದ್ಲಲ್ಲ ಅಣ್ಣಾ, ಯಾಕೆ ನಿಲ್ಲಿಸಿದ್ರಿ?" ಅಂದ ಹುಡುಗ. ಬೆಂಗಳೂರಿಗೆ ಹೋದ ಮೇಲೆ ಡ್ರೈವರಿಗೆ ಅಣ್ಣ ಅನ್ನಲು ಕಲಿತಿದ್ದಾನೆ. ಬೆಂಗಳೂರು ಕಲಿಸಿದ ಒಳ್ಳೆಯದು ಅದೊಂದು.

"ಅಮ್ಮೋರು ಚಾ ತಂದ್ರಲ್ಲ" ಅಂದರು ಅವರು. ಅಷ್ಟೇ. ಅವರ ಲೆಕ್ಕದಲ್ಲಿ ಮೀಟರೇ ಇರಲಿಲ್ಲ.

ಚಾ ಕುಡಿಯುವಾಗಲೇ ಆ ಮಾತು ಬಂದಿದ್ದು. ಕೆಳಗಿನ ಮೂಲೆಯಲ್ಲಿ ಒರತೆ ಇದೆ, ಅಲ್ಲಿಗೆ ಬಿಡಬೇಡಿ ಅಂದರು ಡ್ರೈವರಣ್ಣ. ಮ್ಯಾಪಿನಲ್ಲಿ ಆ ಜಾಗ ಬಿಟ್ಟಿದ್ದೇನೆ ಅಂದ ಹುಡುಗ. "ಒರತೆ ಇದ್ದಲ್ಲೇ ಇರ್ತೈತಾ? ಮಳೆ ಬಂದಂಗೆ ಜಾಗ ಬದಲ್ತೈತೆ" ಅಂದು, ಆಮೇಲೆ ಕೇಳಿದರು, ಇದಕ್ಕೆ ಕುಂಡೆ ಎಲ್ಲಿದೆ ಅಂತ.

ಊರಿನವರು ಹೋ ಅಂತ ನಕ್ಕರು. ಹುಡುಗ ನಗಲಿಲ್ಲ. ಇದಕ್ಕೇ ಅವನ ಮೇಲೆ ನನಗೆ ಪ್ರೀತಿ. ಚಾ ಲೋಟ ಕೆಳಗಿಟ್ಟು, ಕೂತು, ಕೇಳಿದ. ಏನೇನು ಗೊತ್ತಾಗ್ತದೆ ಅಣ್ಣಾ, ಒಂದೊಂದೇ ಹೇಳಿ. ಅವರು ಹೇಳಿದರು. ಗಾಲಿ ಜಾರಲು ಶುರುವಾದರೆ ಸೀಟು ಒಂದು ಕಡೆ ಹೂತಂಗಾಗ್ತದೆ, ಗಾಲಿ ಆಮೇಲೆ ಹೂಳೋದು. ಬ್ಲೇಡಿಗೆ ಕಲ್ಲು ಸಿಕ್ಕಿದರೆ ಒಂದು ಸದ್ದು, ಬೇರು ಸಿಕ್ಕಿದರೆ ಬೇರೆ ಸದ್ದು. ಹಗ್ಗವೋ ಪ್ಲಾಸ್ಟಿಕ್ಕೋ ಸುತ್ತಿಕೊಂಡರೆ ಸದ್ದೇ ಕಮ್ಮಿ ಆಗ್ತದೆ, ಆಗಲೇ ಹೆದರಬೇಕು. ಡೀಸೆಲ್ಲಿನ ವಾಸನೆ. ಟಿಟ್ಟಿಭ ಹಕ್ಕಿ ಒಂದೇ ಸಮ ಕೂಗಿದರೆ ಅಲ್ಲೇ ಎಲ್ಲೋ ಮೊಟ್ಟೆ ಇದೆ, ಸುತ್ತು ಹಾಕಬೇಕು. ಹುಡುಗ ಟ್ಯಾಬಿನಲ್ಲಿ ಬರೆದುಕೊಳ್ಳುತ್ತಾ ಹೋದ. ಗಾಲಿ ತಿರುಗುವ ವೇಗ, ಜಿಪಿಎಸ್ ಹೇಳುವ ವೇಗ ಎರಡನ್ನೂ ಹೋಲಿಸಿದರೆ ಜಾರುವುದು ಹಿಡಿಯಬಹುದು ಅಂದ. ಸದ್ದಿಗೆ ಮೈಕ್ ಹಾಕಬಹುದು. ಹಕ್ಕಿ ಮೊಟ್ಟೆಗೆ ಏನೂ ಹೇಳಲಿಲ್ಲ.

ಬಸ್ಸಿನಲ್ಲಿ ನನಗೆ ಅದೇ ಪಟ್ಟಿ ಸುತ್ತುತ್ತಿತ್ತು. ಇಷ್ಟು ವರ್ಷ ನಾವು ಆ ಮನುಷ್ಯನಿಗೆ ಸ್ಟಿಯರಿಂಗ್ ತಿರುಗಿಸುವ ಸಂಬಳ ಕೊಟ್ಟೆವು. ಉಳಿದಿದ್ದೆಲ್ಲ ಅದರ ಜೊತೆ ಪುಕ್ಕಟೆ ಬರುತ್ತಿತ್ತು. ಈಗ ಸ್ಟಿಯರಿಂಗ್ ಯಂತ್ರಕ್ಕೆ ಹೋಯಿತು. ಉಳಿದಿದ್ದಕ್ಕೆ ಒಂದೊಂದಕ್ಕೂ ಸೆನ್ಸರ್ ಕೊಳ್ಳಬೇಕು, ಬಿಲ್ ಸಮೇತ. 2022ರ ಜನವರಿಯಲ್ಲಿ ಜಾನ್ ಡಿಯರ್ ಕಂಪನಿ ಲಾಸ್ ವೇಗಸ್ಸಿನಲ್ಲಿ ಡ್ರೈವರ್ ಇಲ್ಲದ ಟ್ರ್ಯಾಕ್ಟರ್ ತೋರಿಸಿತು. ಅದಕ್ಕೆ ಸುತ್ತಲೂ ಆರು ಜೊತೆ ಕ್ಯಾಮೆರಾ. ಹನ್ನೆರಡು ಕಣ್ಣು! ಅಷ್ಟಾದರೂ ರೈತ ಫೋನಿನಲ್ಲಿ ಅದನ್ನು ನೋಡಿಕೊಳ್ಳುತ್ತಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಒಂದು ಹಳೆಯ ನಿಯಮ ಇದೆ. ತನ್ನದೇ ಇಂಜಿನ್ ಬಲದಲ್ಲಿ ಚಲಿಸುವ ಹೊಲದ ಯಂತ್ರ ಯಾವುದೇ ಇರಲಿ, ಓಡುವಾಗ ಅದನ್ನು ನಡೆಸುವ ಮನುಷ್ಯ ಅದರ ಮೇಲೇ ಇರಬೇಕು ಅಂತ. ಅದನ್ನು ಬದಲಿಸಿ ಅಂತ ಕೇಳಿದ್ದಕ್ಕೆ ಅಲ್ಲಿನ ಕಾರ್ಮಿಕ ಸುರಕ್ಷತಾ ಮಂಡಳಿ 2022ರಲ್ಲಿ ಒಪ್ಪಲಿಲ್ಲ. ಟ್ರ್ಯಾಕ್ಟರ್ ಕಂಪನಿಗಳಿಗೆ ಇದು ಹಳೇ ಕಾಲದ ಹಟ ಅನ್ನಿಸಬಹುದು. ನನಗೆ ಅಕ್ಕನ ಚಾ ನೆನಪಾಯಿತು. ಅಲ್ಲಿ ಹೊಲಕ್ಕೆ ಯಾರೂ ಹೀಗೆ ನಡೆದು ಬರುವುದಿಲ್ಲವೋ ಏನೋ. ನಮ್ಮ ಗದ್ದೆಗೆ ಬೇಲಿ ಎಲ್ಲಿದೆ? ಶಾಲೆ ಮಕ್ಕಳಿಗೆ ಅದೇ ಒಳದಾರಿ. ದನ ಬರುತ್ತವೆ. ಸೊಪ್ಪು ಹೊತ್ತು ತರುವವರಿಗೆ ತಲೆ ಮೇಲಿನ ಹೊರೆಯಲ್ಲಿ ಮುಂದೇನಿದೆ ಅಂತಲೂ ಕಾಣುವುದಿಲ್ಲ. ರೋಟಾವೇಟರ್ ಯಾರನ್ನೂ ಗುರುತು ಹಿಡಿಯುವುದಿಲ್ಲ.

ಹಾಗಾದರೆ ಗುಂಡಿ ಹಿಡಿದು ನಿಂತವನದು ಕೆಲಸವೇ ಅಲ್ಲವಾ? ನನ್ನ ಪ್ರಕಾರ ಅದು ಓಡಿಸುವುದಕ್ಕಿಂತ ಕಷ್ಟ. ಓಡಿಸುವಾಗ ಕೈ ಕಾಲು ಆಡುತ್ತಿರುತ್ತವೆ, ನಿದ್ದೆ ಬರುವುದಿಲ್ಲ. ಇಲ್ಲಿ ಏನೂ ಮಾಡದೇ, ಯಾವ ಕ್ಷಣಕ್ಕೂ ಏನೋ ಮಾಡಬೇಕು ಅಂತ ಇಡೀ ದಿನ ಬಿಸಿಲಿನಲ್ಲಿ ಕಾಯಬೇಕು. ಏನಾದರೂ ಆಯಿತೋ, ಸಾಫ್ಟ್‌ವೇರನ್ನು ಯಾರೂ ಬೈಯುವುದಿಲ್ಲ. ಗುಂಡಿ ಯಾರ ಕೈಯಲ್ಲಿತ್ತು ಅಂತ ಕೇಳುತ್ತಾರೆ. ಭಾವನಂಥವರಿಗೆ ಮಾತ್ರ ಅವನು ಬದುವಿನ ಮೇಲೆ ಸುಮ್ನೆ ಕೂತ ಹಾಗೆ ಕಾಣುತ್ತದೆ.

ನಿನ್ನೆ ಹುಡುಗ ಫೋನ್ ಮಾಡಿದ್ದ. ಸದ್ಯಕ್ಕೆ ಡ್ರೈವರಣ್ಣನನ್ನು ಸೀಟಿನಲ್ಲೇ ಕೂರಿಸಿ, ಸ್ಟಿಯರಿಂಗ್ ಮಾತ್ರ ಯಂತ್ರಕ್ಕೆ ಬಿಟ್ಟಿದ್ದಾನಂತೆ. ಅಕ್ಕಪಕ್ಕದ ಮೂರು ಮನೆಯವರು ತಮ್ಮ ಗದ್ದೆಗೂ ಹಾಗೇ ಬನ್ನಿ ಅಂದಿದ್ದಾರಂತೆ. "ಅವರ ಕುತ್ತಿಗೆ ನೋವು ಕಮ್ಮಿ ಆಜಡ ಚಿಕ್ಕಿ" ಅಂದ. ಭಾವ ಏನಂದ್ರು ಅಂತ ಕೇಳಿದೆ. ಅಪ್ಪ ಮಾತಾಡ್ತಾ ಇಲ್ಲೆ ಅಂದ.

ಭಾವ ಇದನ್ನು ಓದಿದರೆ ನನಗೆ ಫೋನ್ ಮಾಡೇ ಮಾಡುತ್ತಾರೆ. ಮಾಡಲಿ. ಭಾನುವಾರ ಸಂಜೆ ದುಡ್ಡು ಎಣಿಸುವಾಗ "ಇವತ್ತು ಓಡಿಸಿದ್ದು ಅರ್ಧ ದಿನ ಅಲ್ವಾ" ಅಂತ ಅವರು ಅಂದಿದ್ದು ನನಗೆ ಕೇಳಿಸಿದೆ. ಉಳಿದ ಅರ್ಧ ಕೊಟ್ಟರಾ ಅಂತ ಕೇಳುವುದಿದೆ.