ಇಲ್ಲ, ಯಾರೂ ಹೊಡೆದಿಲ್ಲ

"ಪಾಪ, ಇದಕ್ಕೆ ಯಾರೋ ತುಂಬಾ ಹೊಡೆದಿರಬೇಕು, ಅಲ್ಲವೇ?"

ನಮ್ಮ ನಾಯಿಯನ್ನು ಮೊದಲ ಸಲ ನೋಡಿದವರೆಲ್ಲ ಇದನ್ನೇ ಕೇಳುತ್ತಾರೆ. ಹಾಲಿನ ಬೂತಿನ ಮುಂದೆ, ಪಶುವೈದ್ಯರ ಬಾಗಿಲಿನಲ್ಲಿ, ನಮ್ಮದೇ ಮನೆಯ ಗೇಟಿನಲ್ಲಿ. ಉತ್ತರ ಹೇಳಿ ಹೇಳಿ ನನ್ನ ಬಾಯಿ ಬತ್ತಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ, ಓದಿಕೊಳ್ಳಲಿ.

ನಾಯಿಯ ಹೆಸರು ಹುಲಿ. ನಗುವವರು ಈಗಲೇ ನಕ್ಕುಬಿಡಿ. ಹೆಸರಿಟ್ಟದ್ದು ನನ್ನ ಮಗಳು, ಹುಲಿ ಇನ್ನೂ ಮಂಚದ ಅಡಿಯಿಂದ ಹೊರಗೇ ಬರದಿದ್ದಾಗ. ಬಂದ ಮೇಲೆ ಗೊತ್ತಾಯಿತು, ಈ ಹುಲಿಗೆ ಬಿಚ್ಚಿದ ಕೊಡೆ ಆಗುವುದಿಲ್ಲ, ಹೆಲ್ಮೆಟ್ ಆಗುವುದಿಲ್ಲ, ಗಂಡಸರ ಕೆಮ್ಮಂತೂ ಆಗುವುದೇ ಇಲ್ಲ.

ಇಲ್ಲ, ಅವಳಿಗೆ ಯಾರೂ ಹೊಡೆದಿಲ್ಲ. ಹೀಗೆಂದ ಕೂಡಲೇ ಕೇಳಿದವರ ಮುಖ ಸಪ್ಪೆಯಾಗುತ್ತದೆ. ಖಳನಾಯಕನಿಲ್ಲದ ಕಥೆ ಯಾರಿಗೆ ಬೇಕು? ಅವಳು ಬೆಳೆದದ್ದು ನಂಜನಗೂಡಿನ ಕಡೆಯ ಒಂದು ಮನೆಯ ಹಿತ್ತಿಲಿನಲ್ಲಿ. ಸುತ್ತ ಎತ್ತರದ ಗೋಡೆ, ಒಳಗೆ ಒಬ್ಬರೇ ಅಜ್ಜಿ. ಆಗಷ್ಟೇ ಕಣ್ಣು ಬಿಟ್ಟಿದ್ದ ಮರಿಯನ್ನು ತಂದುಕೊಂಡು ಹೊತ್ತು ಹೊತ್ತಿಗೆ ಹಾಲನ್ನ ಹಾಕಿದರು, ಮೈ ತಡವಿದರು, ಗದರಿದ್ದೂ ಕಡಿಮೆ. ಗೇಟಿನಾಚೆಗೆ ಮಾತ್ರ ಬಿಡಲಿಲ್ಲ. ಅಜ್ಜಿ ಹಾಸಿಗೆ ಹಿಡಿದು ಮಗನ ಊರಿಗೆ ಹೋದ ಮೇಲೆ ನಾಯಿ ಮೈಸೂರಿಗೆ, ನಮ್ಮ ಮನೆಗೆ ಬಂತು. ಅಷ್ಟರಲ್ಲಿ ಅದಕ್ಕೆ ವರ್ಷ ತುಂಬಿತ್ತು. ಅಜ್ಜಿಯನ್ನು ಬಿಟ್ಟು ಬೇರೆ ಮನುಷ್ಯರೂ ಇದ್ದಾರೆ, ತನ್ನಂಥ ಬೇರೆ ನಾಯಿಗಳೂ ಇವೆ ಎಂಬುದು ಅವಳ ಪಾಲಿಗೆ ಹೊಸ ಸುದ್ದಿ, ಕೆಟ್ಟ ಸುದ್ದಿ.

ನಾಯಿಮರಿಗೆ ಲೋಕದ ಪರಿಚಯವಾಗಲು ಒಂದು ಕಾಲವಿದೆ. 3ನೆಯ ವಾರದಿಂದ ಹೆಚ್ಚುಕಡಿಮೆ 12ನೆಯ ಅಥವಾ 14ನೆಯ ವಾರದವರೆಗೆ. ಆಗ ಕಂಡದ್ದು, ಕೇಳಿದ್ದು, ಮೂಸಿದ್ದೆಲ್ಲ ಅದಕ್ಕೆ ಮಾಮೂಲು. ಆಮೇಲೆ ಎದುರಾದ ಪ್ರತಿಯೊಂದರ ಮೇಲೂ ಅನುಮಾನ. 1961ರಲ್ಲಿ ಅಮೆರಿಕದ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬ ವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಎತ್ತರದ ಬೇಲಿಯೊಳಗೆ, ತಾಯಿಯ ಜೊತೆ, ಮನುಷ್ಯರ ಒಡನಾಟವಿಲ್ಲದೆ ಮರಿಗಳನ್ನು ಬೆಳೆಸಿದ್ದರು. 14 ವಾರದವರೆಗೂ ಹಾಗೆಯೇ ಉಳಿದ ಮರಿಗಳು ಆಮೇಲೆ ಎಷ್ಟು ಪಳಗಿಸಹೋದರೂ ಮನುಷ್ಯರಿಗೆ ಒಗ್ಗಿಕೊಳ್ಳಲಿಲ್ಲ. ಅವುಗಳಿಗೂ ಯಾರೂ ಹೊಡೆದಿರಲಿಲ್ಲ. ಹೊಡೆತ ತಿಂದ ನಾಯಿಗಳು ಊರಿನಲ್ಲಿ ಬೇಕಾದಷ್ಟಿವೆ, ಅದು ಬೇರೆ ಮಾತು. ಆದರೆ ಹೆದರುವ ನಾಯಿಗಳೆಲ್ಲ ಹೊಡೆತ ತಿಂದವಲ್ಲ.

ಇಷ್ಟು ಸಿಟ್ಟಿಗೆ ಕಾರಣ ನಮ್ಮ ಭಾವ. ಕಳೆದ ಗೌರಿ ಹಬ್ಬಕ್ಕೆ ಬಂದವರು ಚಪ್ಪಲಿ ಬಿಡುವ ಮೊದಲೇ ಘೋಷಿಸಿದರು: "ನನಗೆ ನಾಯಿಗಳೆಂದರೆ ಪ್ರಾಣ. ನನ್ನನ್ನು ಏನೂ ಮಾಡುವುದಿಲ್ಲ, ನೋಡುತ್ತಿರು." ಹುಲಿ ದಿವಾನದ ಅಡಿ ಸೇರಿದ್ದಳು. ಭಾವ ಪಂಚೆ ಎತ್ತಿಕಟ್ಟಿ, ಮಂಡಿಯೂರಿ, ಕೈಯನ್ನು ನೇರವಾಗಿ ಅವಳ ತಲೆಯ ಮೇಲೆ ಚಾಚಿದರು. ಅವಳು ಆಕಳಿಸಿದಳು. "ನೋಡು, ನಿದ್ದೆ ಬರುತ್ತಿದೆ" ಎಂದರು. ತುಟಿ ಸವರಿಕೊಂಡಳು. "ಹಸಿವು" ಎಂದರು. ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರಿ ಕಲ್ಲಾದಳು. "ನಾಚಿಕೆ" ಎಂದರು. "ಬಿಡಿ ಭಾವ" ಎಂದು ನಾನು ಕೂಗಿದ್ದು ಅವರ ಕಿವಿಗೆ ಬೀಳಲಿಲ್ಲ. ಕೊನೆಗೆ ಅವಳು ಗುರುಗುಟ್ಟಿದಳು. ಭಾವ ಹಿಂದಕ್ಕೆ ಹಾರಿ ಹೇಳಿದ್ದು: "ಪಾಪ, ಯಾರೋ ಚೆನ್ನಾಗಿ ಹೊಡೆದಿದ್ದಾರೆ. ಆದರೂ ಗುರುಗುಟ್ಟುವುದಕ್ಕೆ ಬಿಡಬಾರದು. ಎರಡು ಬಿಟ್ಟರೆ ಸರಿಹೋಗುತ್ತದೆ."

ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದರು. ಹೋಳಿಗೆ ಬಡಿಸುವಾಗಲೂ ನನಗೆ ಅದೇ ಕಿವಿಯಲ್ಲಿ ಮೊಳಗುತ್ತಿತ್ತು.

ಆಕಳಿಕೆ, ತುಟಿ ಸವರುವುದು, ಮುಖ ತಿರುಗಿಸುವುದು, ಎಲ್ಲವೂ "ದಯವಿಟ್ಟು ಹಿಂದೆ ಸರಿ" ಎಂಬ ಕೋರಿಕೆ. ಯಾವುದಕ್ಕೂ ಬೆಲೆ ಸಿಗದಾಗ ಬರುವುದು ಗುರುಗುಟ್ಟು. ಅದಕ್ಕೆ ಹೊಡೆದರೆ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಹೆದರುವುದನ್ನಲ್ಲ. ಮುಂದಿನ ಸಲ ಎಚ್ಚರಿಕೆಯಿಲ್ಲದೆ ಕಚ್ಚುತ್ತದೆ.

ಇದೇ ಮೈಸೂರಿಗೆ ದಸರಾಕ್ಕೆಂದು ಕಾಡಿನ ಶಿಬಿರಗಳಿಂದ ಆನೆಗಳು ತಿಂಗಳಿಗೂ ಮೊದಲೇ ಬರುತ್ತವೆ. 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಮೊದಲ ದಿನವೇ ಬೆನ್ನಿಗೇರಿಸುವುದಿಲ್ಲ. ಮರಳಿನ ಮೂಟೆ ಹೊರಿಸಿ ತೂಕ ಹೆಚ್ಚಿಸುತ್ತಾ ಹೋಗುತ್ತಾರೆ. ಜಂಬೂಸವಾರಿಯ ದಿನದ 21 ಸುತ್ತಿನ ಕುಶಾಲತೋಪಿಗೆ ಬೆದರದಿರಲೆಂದು ಆನೆ, ಕುದುರೆಗಳಿಗೆ ಮೊದಲೇ ಸದ್ದಿನ ತಾಲೀಮು ನಡೆಯುತ್ತದೆ. ಹೊಸ ಆನೆಗೆ ಅನುಭವಿ ಆನೆಯ ಆಸರೆ, ಬೆದರಿದರೆ ಮಾವುತನ ಕೈ. (ಅವುಗಳ ಕಾಲಿನ ಸರಪಳಿ ನನಗೆ ಒಪ್ಪಿಗೆಯಿಲ್ಲ, ಆ ಜಗಳ ಇನ್ನೊಂದು ದಿನ.) ಮರುದಿನ ಪತ್ರಿಕೆಯಲ್ಲಿ ಬೆದರಿದ ಆನೆಯ ಚಿತ್ರ ನೋಡಿ ಊರಿನವರು ಏನೆನ್ನುತ್ತಾರೆ? "ಹೊಸದಲ್ಲವೇ, ಅಭ್ಯಾಸವಾಗಬೇಕು." ಆನೆಗೆ ಇಷ್ಟು ವ್ಯವಧಾನ ತೋರಿಸುವ ಊರಿಗೆ ಹದಿನೈದು ಕಿಲೋ ನಾಯಿ ಒಂದು ವಾರದಲ್ಲಿ ಬಾಲ ಅಲ್ಲಾಡಿಸಬೇಕು.

ನಿಜ ಹೇಳಬೇಕೆಂದರೆ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: "ನಾನು ಎಲ್ಲಿ ನಿಲ್ಲಲಿ?"

ಇದನ್ನು ಕೇಳಿದವರಿಗೆ ಕಾಫಿ ಕೊಟ್ಟು ಉತ್ತರಿಸುತ್ತೇನೆ. ದೂರ ನಿಲ್ಲಿ. ಅಪರಿಚಿತರು ರಸ್ತೆಯ ಆಚೆ ಬದಿಯಲ್ಲಿದ್ದಾಗ ಹುಲಿ ಬೇಯಿಸಿದ ಕೋಳಿಯ ಚೂರನ್ನು ತಿನ್ನುತ್ತಾಳೆ. ಅವರೇ ಹತ್ತಿರ ಬಂದರೆ ಅದೇ ಚೂರು ಬಾಯಿಂದ ಜಾರಿ ಬೀಳುತ್ತದೆ. ತಿನ್ನುವಷ್ಟು ದೂರದಿಂದಲೇ ನಮ್ಮ ಪಾಠ ಶುರು. ಮೊದಲು ಮನುಷ್ಯ ಕಾಣಬೇಕು, ಆಮೇಲೆ ಕೋಳಿ ಬರಬೇಕು. ತಿರುವುಮುರುವಾದರೆ ಕೋಳಿ ಕಂಡರೂ ಹೆದರುತ್ತಾಳೆ. ಹತ್ತಿರ ಬರುವುದು ಬಿಡುವುದು ಅವಳಿಗೆ ಬಿಟ್ಟದ್ದು. ನೀವು ಓರೆಯಾಗಿ ನಿಂತು ನನ್ನ ಜೊತೆ ಅಕ್ಕಿಯ ಬೆಲೆ ಮಾತನಾಡಿ. ಅವಳನ್ನು ದಿಟ್ಟಿಸಬೇಡಿ, ಕೈಯಲ್ಲಿ ಬಿಸ್ಕತ್ತು ಹಿಡಿದು ಕರೆಯಬೇಡಿ. ತಿಂಡಿಯ ಆಸೆಗೆ ಹತ್ತಿರ ಬಂದ ಹೆದರುಪುಕ್ಕಿ ತಿಂದು ಮುಗಿಸಿ ತಲೆಯೆತ್ತಿದಾಗ ನಿಮ್ಮ ಮುಖ ಅಷ್ಟು ಸನಿಹದಲ್ಲಿದ್ದರೆ ಕಥೆ ಮುಗಿಯಿತು. ಬಿಸ್ಕತ್ತನ್ನು ಅವಳ ಬೆನ್ನ ಹಿಂದಕ್ಕೆ ಎಸೆಯಿರಿ. ದೂರ ಹೋಗಿ ತಿಂದು, ಮನಸ್ಸಾದರೆ ತಾನೇ ತಿರುಗಿ ಬರುತ್ತಾಳೆ.

ಹುಲಿ ತಾನಾಗಿ ಹೋಗಿ ಮೂಸಿದ ಮೊದಲ ಹೊರಗಿನವರು ಯಾರು ಗೊತ್ತೇ? ನಮ್ಮ ಬೀದಿಗೆ ಹೂವು ತರುವ ಹೆಂಗಸು. ಆಕೆಗೆ ನಾಯಿಗಳೆಂದರೆ ಪ್ರಾಣ ಹೋಗುವಷ್ಟು ಭಯ. ಗೇಟಿನ ಬಳಿ ಪಕ್ಕಕ್ಕೆ ತಿರುಗಿ, ಅಲುಗಾಡದೆ, ರಸ್ತೆಯನ್ನೇ ನೋಡುತ್ತಾ ಮೊಳ ಹಾಕುತ್ತಿದ್ದರು. ನಾಯಿಪ್ರೇಮಿಗಳಿಗೆ ನಾನು ಬಾಯಿ ನೋಯುವಷ್ಟು ಹೇಳಿದರೂ ಮಾಡದ್ದನ್ನೆಲ್ಲ ಆಕೆ ಭಯದಿಂದಲೇ ಮಾಡಿಬಿಟ್ಟಿದ್ದರು. ಈಗಲೂ ಇಬ್ಬರೂ ಪರಸ್ಪರ ಮುಖ ನೋಡುವುದಿಲ್ಲ. ಒಳ್ಳೆಯ ಸ್ನೇಹ.

ನಾಯಿಗಳ ವಿಷಯದಲ್ಲೂ ಉತ್ತರ ಇದೇ. ಎದುರು ಮನೆಯ ಮುದಿ ನಾಯಿಯ ಜೊತೆ ಹುಲಿಯನ್ನು ಒಂದೇ ದಿಕ್ಕಿಗೆ, ರಸ್ತೆಯ ಎರಡು ಬದಿಯಲ್ಲಿ ನಡೆಸಿದೆವು, ನಡುವಿನ ಜಾಗ ನಿಧಾನವಾಗಿ ಕಿರಿದಾಯಿತು. ಮೂತಿಗೆ ಮೂತಿ ತಂದು ಹಗ್ಗ ಬಿಗಿಹಿಡಿಯುವುದು ಜಗಳಕ್ಕೆ ವೀಳ್ಯ ಕೊಟ್ಟಂತೆ. ಮೂಲೆ ಮನೆಯ ಲ್ಯಾಬ್ರಡಾರ್ ಯಜಮಾನರಿಗೆ ಇದನ್ನು ಯಾರು ಹೇಳುವುದು? ಪ್ರತಿ ಬೆಳಗ್ಗೆ ನಾಯಿಯನ್ನು ಬಿಟ್ಟು, ಹಿಂದಿನಿಂದ ಕೂಗುತ್ತಾರೆ: "ಹೆದರಬೇಡಿ, ನಮ್ಮದು ಏನೂ ಮಾಡುವುದಿಲ್ಲ!"

ನಿಮ್ಮದು ಮಾಡುವುದಿಲ್ಲ ಸ್ವಾಮಿ, ನಮ್ಮದು ಮಾಡುತ್ತದೆ. ಮೊದಲು ಹಗ್ಗ ಹಾಕಿ. ಯಾರು ಹೊಡೆದರು ಎಂಬುದನ್ನು ಆಮೇಲೆ ಕೇಳುವಿರಂತೆ.