ಪ್ಸರಾದೆಸ್: ಮೂರು ದೇಶಗಳ ಸರೋವರದ ದಂಡೆಯಲ್ಲಿ ಎರಡು ದಿನ

ಪೆಟ್ರೋಲನ್ನು ಫ್ಲೋರಿನಾ ಪಟ್ಟಣದಲ್ಲೇ ತುಂಬಿಸಿಕೊಳ್ಳಿ, ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ. ಪ್ಸರಾದೆಸ್‌ಗೆ ಹೋಗುತ್ತೇವೆ ಎನ್ನುವವರಿಗೆ ನಾನು ಮೊದಲು ಹೇಳುವುದು ಇಷ್ಟನ್ನೇ. ಗ್ರೀಸ್ ದೇಶದ ವಾಯವ್ಯ ಮೂಲೆಯಲ್ಲಿ, ದೊಡ್ಡ ಪ್ರೆಸ್ಪಾ ಸರೋವರದ ದಂಡೆಯಲ್ಲಿರುವ ಪುಟ್ಟ ಊರು ಇದು. ಅದೇ ಸರೋವರದ ಒಂದು ದಡ ಅಲ್ಬೇನಿಯಾದ್ದು, ಇನ್ನೊಂದು ಉತ್ತರ ಮ್ಯಾಸಿಡೋನಿಯಾದ್ದು.

ಉತ್ತರ ಗ್ರೀಸಿನ ದೊಡ್ಡ ನಗರ ಥೆಸಲೋನಿಕಿಯಿಂದ ಫ್ಲೋರಿನಾಕ್ಕೆ ಸುಮಾರು 160 ಕಿಲೋಮೀಟರ್. ಅಲ್ಲಿಯವರೆಗೆ ಬಸ್ಸಿನಲ್ಲಿ ಹೋಗಬಹುದು. ಮುಂದಿನ ದಾರಿಗೆ ಬಸ್ಸನ್ನು ನಂಬಿ ಹೊರಡಬೇಡಿ. ನಾವು ಥೆಸಲೋನಿಕಿಯಲ್ಲೇ ಬಾಡಿಗೆ ಕಾರು ಹಿಡಿದೆವು. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರು ಬಿಡುವ ಮೊದಲೇ ಮಾಡಿಸಿಕೊಳ್ಳಿ. ಫ್ಲೋರಿನಾ ದಾಟಿದೊಡನೆ ಬೀಚ್ ಮರಗಳ ಕಾಡಿನ ನಡುವೆ ಪಿಸೊದೆರಿ ಘಾಟಿ ಏರಬೇಕು. ಚಳಿಗಾಲದಲ್ಲಿ ಇಲ್ಲಿ ಹಿಮ ಬೀಳುತ್ತದೆ, ಆಗ ಚಕ್ರಕ್ಕೆ ಸರಪಳಿ ಕಟ್ಟದೆ ಈ ದಾರಿ ಬೇಡ. ಘಾಟಿ ಇಳಿದರೆ ಎರಡು ಸರೋವರಗಳು ಒಟ್ಟಿಗೆ ಕಾಣುತ್ತವೆ. ಚಿಕ್ಕ ಪ್ರೆಸ್ಪಾ ಮತ್ತು ದೊಡ್ಡ ಪ್ರೆಸ್ಪಾಗಳ ನಡುವೆ ಇರುವುದು ಮರಳಿನ ಒಂದು ಪಟ್ಟಿ, ರಸ್ತೆ ಹೋಗುವುದು ಅದರ ಮೇಲೆಯೇ.

ಊರಿನಲ್ಲಿ ನಮ್ಮನ್ನು ಎದುರುಗೊಂಡದ್ದು ಹಸುಗಳು. ದಂಡೆಯ ಹುಲ್ಲಿನಲ್ಲಿ ಹೇಳುವವರು ಕೇಳುವವರು ಇಲ್ಲದಂತೆ ಮೇಯುತ್ತಿದ್ದವು, ಎತ್ತರ ನನ್ನ ಸೊಂಟದಷ್ಟು. ಒಂದು ಹಸು ನಮ್ಮ ಕಾರಿನ ಕನ್ನಡಿಯನ್ನು ನೆಕ್ಕಿ ನೆಕ್ಕಿ ಹೊಳಪು ಬರಿಸಿತು. ಸಾಗರದ ಕಡೆಯವಳಾದ ನನ್ನ ಹೆಂಡತಿ, "ನೋಡಿ, ನಮ್ಮ ಮಲೆನಾಡು ಗಿಡ್ಡ ಇಲ್ಲಿಗೂ ಬಂದಿದೆ" ಎಂದಳು. ಇದು ಪ್ರೆಸ್ಪಾದ ಸ್ಥಳೀಯ ಗಿಡ್ಡ ತಳಿ. ಕಲ್ಲಿನ ಗೋಡೆ, ಮರದ ಮೊಗಸಾಲೆಯ ಹಳೆಯ ಮನೆಗಳಲ್ಲಿ ಕೆಲವು ತಂಗುದಾಣಗಳಾಗಿವೆ, ಕೆಲವು ಕುಸಿದಿವೆ.

ಆ ಕುಸಿದ ಮನೆಗಳ ಹಿಂದೆ ಒಂದು ಕಥೆ ಇದೆ. ಊರಿನ ಹಳೆಯ ಹೆಸರು ನಿವಿತ್ಸಿ, ಇಲ್ಲಿಯವರ ಮನೆಮಾತು ಗ್ರೀಕ್ ಅಲ್ಲ, ಗಡಿಯಾಚೆಯ ಮಾತಿಗೆ ಹತ್ತಿರದ ಒಂದು ಸ್ಲಾವಿಕ್ ಭಾಷೆ. 1920ರ ದಶಕದಲ್ಲಿ ಗ್ರೀಕ್ ಸರ್ಕಾರ ಈ ಭಾಗದ ಊರುಗಳ ಹೆಸರುಗಳನ್ನು ಬದಲಿಸುತ್ತಾ ಹೋದಾಗ ನಿವಿತ್ಸಿ ಹೋಗಿ ಪ್ಸರಾದೆಸ್ ಬಂತು. ಗ್ರೀಕಿನಲ್ಲಿ ಅದರ ಅರ್ಥ ಮೀನುಗಾರರು. 1946ರಿಂದ 1949ರವರೆಗಿನ ಅಂತರ್ಯುದ್ಧದಲ್ಲಿ ಪ್ರೆಸ್ಪಾ ಸೀಮೆ ಕಮ್ಯುನಿಸ್ಟ್ ಸೇನೆಯ ನೆಲೆಯಾಗಿತ್ತು. ಸೋತ ಮೇಲೆ ಸಾವಿರಾರು ಜನ ಗಡಿ ದಾಟಿದರು, ಊರುಗಳು ಖಾಲಿಯಾದವು. ವ್ರೊಂದೆರೊ ಹಳ್ಳಿಯ ಹತ್ತಿರ ಆ ಸೇನೆ ಆಸ್ಪತ್ರೆಯಾಗಿ ಬಳಸಿದ ಗುಹೆ ಇದೆ. ಸಮಯವಿದ್ದರೆ ನೋಡಿ.

ಹೆಸರು ಕಳೆದುಕೊಂಡ ಇದೇ ಊರಿನಲ್ಲಿ ಒಂದು ದೇಶದ ಹೆಸರು ಬದಲಾಯಿತು ಎನ್ನುವುದು ನನಗೆ ಇಲ್ಲಿಯ ಯಾವ ಸ್ಮಾರಕಕ್ಕಿಂತಲೂ ದೊಡ್ಡ ಸಂಗತಿಯಾಗಿ ಕಂಡಿತು. 2018ರ ಜೂನ್ 17ರಂದು ಗ್ರೀಸಿನ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್ ಮತ್ತು ದೋಣಿಯಲ್ಲಿ ಸರೋವರ ದಾಟಿ ಬಂದ ನೆರೆಯ ಪ್ರಧಾನಿ ಜೊರಾನ್ ಜಾಯೆವ್ ಅವರ ಸಮ್ಮುಖದಲ್ಲಿ ಎರಡೂ ದೇಶಗಳ ವಿದೇಶಾಂಗ ಸಚಿವರು ಇಲ್ಲಿ ಸಹಿ ಹಾಕಿದರು. ಅದು ಪ್ರೆಸ್ಪಾ ಒಪ್ಪಂದ. ಮ್ಯಾಸಿಡೋನಿಯಾ ಎಂಬುದು ಗ್ರೀಸಿನ ಒಂದು ಪ್ರಾಂತ್ಯದ ಹೆಸರೂ ಹೌದು, ಅದನ್ನು ನೆರೆಯ ದೇಶ ಇಟ್ಟುಕೊಳ್ಳುವುದಕ್ಕೆ ಗ್ರೀಸ್ ಒಪ್ಪಿರಲಿಲ್ಲ. 1991ರಿಂದ ಎಳೆದಾಡುತ್ತಿದ್ದ ಆ ಜಗಳ ಮುಗಿದು, ಮರುವರ್ಷ ಫೆಬ್ರುವರಿಯಲ್ಲಿ ಮ್ಯಾಸಿಡೋನಿಯಾ ಎಂಬ ದೇಶ ಉತ್ತರ ಮ್ಯಾಸಿಡೋನಿಯಾ ಆಯಿತು. ಎಲ್ಲರಿಗೂ ಇದು ಹಿಡಿಸಿರಲಿಲ್ಲ. ಸಹಿಯ ದಿನ ಪಿಸೊದೆರಿಯ ಬಳಿ ಪ್ರತಿಭಟನಕಾರರನ್ನು ಪೊಲೀಸರು ತಡೆದು ನಿಲ್ಲಿಸಿದ್ದರು. ಊರಿನಲ್ಲಿ ನೀವಾಗಿ ಈ ವಿಷಯ ಎತ್ತಬೇಡಿ, ಅವರೇ ಎತ್ತಿದರೆ ಕೇಳಿಸಿಕೊಳ್ಳಿ.

ದೋಣಿ ಪ್ರಯಾಣ ತಪ್ಪಿಸಬೇಡಿ. ದಂಡೆಯ ಹೋಟೆಲುಗಳಲ್ಲಿ ವಿಚಾರಿಸಿದರೆ ದೋಣಿಯವರು ಸಿಗುತ್ತಾರೆ. ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ, ಬೆಳಿಗ್ಗೆಯೇ ಹೊರಡಿ. ಬಂಡೆಗಳ ಸಂದಿಯಲ್ಲಿ ಸನ್ಯಾಸಿಗಳು ಬದುಕಿದ್ದ ಗುಹೆಗಳಿವೆ, ನೀರಿನಂಚಿನ ಬಂಡೆಯ ಮೇಲೆ ಯೇಸುವಿನ ತಾಯಿ ಮರಿಯಮ್ಮನ 15ನೇ ಶತಮಾನದ ಚಿತ್ರವಿದೆ. ಎಲೆಊಸಾ ಎಂಬ ಗುಹಾ ಚರ್ಚು 1410ರದ್ದು. ಬಂಡೆಗೆ ಆನಿಸಿದ ಕಡಿದಾದ ಮೆಟ್ಟಿಲು, ಮಂಡಿನೋವು ಇರುವವರು ದೋಣಿಯಲ್ಲೇ ಕೂತಿರುವುದು ಲೇಸು. ದೋಣಿ ನಡೆಸುತ್ತಿದ್ದ ಹಿರಿಯರು ಬಂಡೆಯ ಮೇಲಿನ ಬಿಳಿ ಗೆರೆಯನ್ನು ತೋರಿಸಿದರು. ಹಿಂದೆ ನೀರು ಅಲ್ಲಿಯವರೆಗೆ ಇತ್ತಂತೆ, ಈಗ ಆ ಗೆರೆ ನಮ್ಮ ತಲೆಗಿಂತ ಎಷ್ಟೋ ಮೇಲಿದೆ. ಈ ಸರೋವರದಿಂದ ಹೊರಗೆ ಹರಿಯುವ ನದಿಯಿಲ್ಲ. ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು, ಬೆಟ್ಟದಡಿಯಲ್ಲಿ ಸಾಗಿ ಆಚೆ ಪಕ್ಕದ ಓಹ್ರಿದ್ ಸರೋವರದಂಚಿನ ಚಿಲುಮೆಗಳಲ್ಲಿ ಏಳುತ್ತದೆ. ಅಷ್ಟರಲ್ಲಿ ಆ ಹಿರಿಯರಿಗೆ ಫೋನು ಬಂತು. ನಮ್ಮೊಡನೆ ಗ್ರೀಕಿನಲ್ಲಿ ಮಾತಾಡುತ್ತಿದ್ದವರು ಫೋನಿನಲ್ಲಿ ಬೇರೆಯೇ ಭಾಷೆಗೆ ಹೊರಳಿದರು.

ಎರಡನೆಯ ದಿನ ಚಿಕ್ಕ ಪ್ರೆಸ್ಪಾದ ಆಯಿಯೋಸ್ ಅಖಿಲಿಯೋಸ್ ದ್ವೀಪಕ್ಕೆ ಹೋಗಿ. ನೀರಿನ ಮೇಲೆ ತೇಲುವ ಉದ್ದನೆಯ ಸೇತುವೆಯನ್ನು ನಡೆದೇ ದಾಟಬೇಕು. ಅಲ್ಲಿರುವುದು ಚಾವಣಿಯಿಲ್ಲದ ದೊಡ್ಡ ಬಸಿಲಿಕಾ, ಅಂದರೆ ಹಳೆಯ ಕಾಲದ ಚರ್ಚು. 10ನೇ ಶತಮಾನದ ಕೊನೆಯಲ್ಲಿ ಬಲ್ಗೇರಿಯಾದ ದೊರೆ ಸಮುಯಿಲ್ ಲಾರಿಸಾ ಪಟ್ಟಣವನ್ನು ಗೆದ್ದು, ಅಲ್ಲಿಯ ಸಂತ ಅಖಿಲಿಯೋಸ್‌ನ ಅಸ್ಥಿಗಳನ್ನು ತಂದು ಕಟ್ಟಿಸಿದ್ದು. ಡಾಲ್ಮೇಷಿಯನ್ ಹೆಜ್ಜಾರ್ಲೆಗಳು ಮರಿ ಮಾಡುವ ಹೆಸರಾಂತ ತಾಣವೂ ಈ ಸರೋವರವೇ. 2022ರ ಹಕ್ಕಿಜ್ವರಕ್ಕೆ ಸಾವಿರಕ್ಕೂ ಹೆಚ್ಚು ಹಕ್ಕಿಗಳು ಬಲಿಯಾದವು. ದುರ್ಬೀನು ಇದ್ದರೆ ಒಯ್ಯಿರಿ, ಹೋಗುವುದಾದರೆ ವಸಂತದಲ್ಲಿ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಮೀನಿನ ಊರಾದರೂ ಪ್ರೆಸ್ಪಾದ ಹೆಸರು ನಿಂತಿರುವುದು ಕಾಳಿನ ಮೇಲೆ. ಗೀಗಾಂತೆಸ್ ಎಂಬ ದೊಡ್ಡ ಬಿಳಿ ಕಾಳನ್ನು ಟೊಮೇಟೊ ಜೊತೆ ಒಲೆಯಲ್ಲಿಟ್ಟು ಬೇಯಿಸುತ್ತಾರೆ. ನಮ್ಮ ಡಬಲ್ ಬೀನ್ಸ್‌ನ ಅಣ್ಣ ಎನ್ನಬಹುದು, ಬೆಣ್ಣೆಯಂತೆ ಕರಗುತ್ತದೆ. ಎರಡು ಕಿಲೋ ಕೊಂಡೆವು. ಹುಳಿಗೂ ಚೆನ್ನಾಗಿ ಒಗ್ಗಿತು.

ಒಂದು ಎಚ್ಚರಿಕೆ. ಪ್ಸರಾದೆಸ್‌ನಿಂದ ಎದುರಿನ ಉತ್ತರ ಮ್ಯಾಸಿಡೋನಿಯಾಕ್ಕೆ ನೇರವಾಗಿ ದಾಟಲಾಗದು. ಕಣ್ಣೆದುರಿನ ದಡ ಮುಟ್ಟಲು ಫ್ಲೋರಿನಾಕ್ಕೆ ಮರಳಿ ನಿಕಿ ಗಡಿಠಾಣೆಯ ಮೂಲಕ ಬಳಸಿ ಹೋಗಬೇಕು. ನಿಮ್ಮ ಷೆಂಗೆನ್ ವೀಸಾ ಒಂದೇ ಬಾರಿಯ ಪ್ರವೇಶದ್ದಾದರೆ ಆ ಆಸೆ ಬಿಡಿ, ಹೊರಗೆ ಹೋದರೆ ಗ್ರೀಸಿಗೆ ಮರಳಿ ಬರಲಾಗದು. ಬಾಡಿಗೆ ಕಾರನ್ನು ಗಡಿ ದಾಟಿಸಲು ಲಿಖಿತ ಒಪ್ಪಿಗೆಯೂ ಬೇಕು.

ಮೊಬೈಲಿನಲ್ಲಿ ರೋಮಿಂಗ್ ಆಫ್ ಮಾಡಿಡಿ. ಐರೋಪ್ಯ ಒಕ್ಕೂಟದ ಸಿಮ್ ಇದೆಯೆಂದು ನಾವು ನಿಶ್ಚಿಂತೆಯಿಂದಿದ್ದೆವು. ಸಂಜೆ ದಂಡೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಫೋನು ಒಂದಾದ ಮೇಲೊಂದರಂತೆ ಎರಡು ಹೊರದೇಶಗಳಿಗೆ ನಮ್ಮನ್ನು ಸ್ವಾಗತಿಸಿತು. ಆ ಎರಡೂ ಒಕ್ಕೂಟದ ಹೊರಗಿನವು. ಕುರ್ಚಿ ಬಿಟ್ಟು ಏಳದೆಯೇ ನಾವು ಮಾಡಿದ ಆ ವಿದೇಶ ಪ್ರವಾಸಕ್ಕೆ ತೆತ್ತದ್ದು ಆ ರಾತ್ರಿಯ ಊಟಕ್ಕಿಂತ ಹೆಚ್ಚು.