ಮಂಜಿಗೆ ಅಚ್ಚೇ ಇರಲಿಲ್ಲ

ಬೀಜಿಂಗ್‌ನಲ್ಲಿ ಆಫೀಸ್ ಕೆಲಸ ಎರಡು ದಿನ ಮೊದಲೇ ಮುಗಿದಿತ್ತು. ಹಳೇ ಸಾಮಾನಿನ ಸಂತೆಯೊಂದರಲ್ಲಿ ಸುತ್ತುವಾಗ ಬೆಟ್ಟದ ಚಿತ್ರವೊಂದು ಕಣ್ಣಿಗೆ ಬಿತ್ತು. ಬೆಟ್ಟ, ಮಂಜು, ಕೆಳಗೊಂದು ದೋಣಿ, ದೋಣಿಯಲ್ಲಿ ಮುದುಕ. ಕೈಯಲ್ಲೇ ಬಿಡಿಸಿದ್ದು ಅಂದರು. ಚೌಕಾಸಿ ಮಾಡಿ ಕೊಂಡೆ. ನಾಲ್ಕು ಹೆಜ್ಜೆ ಇಟ್ಟರೆ ಇನ್ನೊಂದು ಅಂಗಡಿಯಲ್ಲೂ ಅದೇ ಮುದುಕ ಕೂತಿದ್ದ!

ಅಲ್ಲಿನ ಸಹೋದ್ಯೋಗಿ ಚಿತ್ರ ನೋಡಿ ನಕ್ಕಳು. "ಮಷಿನ್ ಪ್ರಿಂಟ್ ಇದು. ಮರದಚ್ಚಾಗಿದ್ರೆ ನಿಮ್ಮ ಅದೃಷ್ಟ ಅನ್ನಬಹುದಿತ್ತು." ಅಚ್ಚು ಅಂದಮೇಲೆ ಎಲ್ಲಾ ಒಂದೇ ಅಲ್ವಾ ಅಂದೆ. ಮಾರನೇ ದಿನ ನನ್ನನ್ನು ಮರದಚ್ಚು ಕಲಿಸುವ ಒಂದು ತರಗತಿಗೆ ಎಳೆದುಕೊಂಡು ಹೋದಳು.

ಮೇಷ್ಟ್ರು ಮೊದಲು 'ದೋಬಾನ್' ಅಂದರು. ನನಗೆ ಗೊತ್ತಿದ್ದ ದೋಬಾನ್ ಒಂದೇ, ತೋಫುಗೆ ಹಾಕುವ, ಹುಳಿ ಬರಿಸಿದ ಕಾಳಿನ ಕೆಂಪು ಖಾರ. ಇದು ಬೇರೆ. ಆದರೂ ಹೆಸರು ಬಂದದ್ದು ತಿಂಡಿಯಿಂದಲೇ ಅಂತೆ. ತಟ್ಟೆಯಲ್ಲಿ ಚಿಕ್ಕ ಚಿಕ್ಕ ತಿನಿಸು ಪೇರಿಸಿಟ್ಟ ಹಾಗೆ, ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು ಜೋಡಿಸಿ ಚಿತ್ರ ಮಾಡುವುದು. ನಾನ್‌ಜಿಂಗ್‌ನ ಹೂ ಜೆಂಗ್‌ಯಾನ್ 1633ರಲ್ಲೇ ಹೀಗೆ ಬಣ್ಣದ ಚಿತ್ರಪುಸ್ತಕ ಹೊರತಂದಿದ್ದ. ಬೀಜಿಂಗ್‌ನ ರೊಂಗ್‌ಬಾವ್‌ಜಾಯ್ ಸಂಸ್ಥೆ ರಾತ್ರಿ ಔತಣದ ಒಂದು ಹಳೇ ಚಿತ್ರಸುರುಳಿಗಾಗಿ 1667 ಅಚ್ಚು ಕೆತ್ತಿಸಿತ್ತು. ನನ್ನ ಪಾಲಿಗೆ ಬಂದದ್ದು ಐದು.

ಒಂದನ್ನು ಕೈಗೆ ತೆಗೆದುಕೊಂಡೆ. ಪೇರ್ ಮರದ್ದು, ನುಣುಪು. ಬಂಡೆಯ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಗೀರುಗಳು. ಕುಂಚದಲ್ಲಿ ಮಸಿ ಒಣಗುತ್ತಾ ಬಂದಾಗ ಗೆರೆ ಸೀಳು ಸೀಳಾಗುತ್ತದಲ್ಲ, ಅದು. ಚಿತ್ರಕಾರ ಒಂದೇ ಎಳೆತದಲ್ಲಿ ಎಳೆದದ್ದನ್ನು ಕೆತ್ತುವವನು ಒಂದೊಂದೇ ಸೀಳಾಗಿ ಬಿಡಿಸಬೇಕು. ಬಂಡೆಯ ಈ ಗೆರೆಗೆ ಹೆಸರು 'ಕೊಡಲಿ ಏಟು'. ಇನ್ನೊಂದು ಬಗೆಗೆ 'ನಾರಿನ ಎಳೆ'. ಹೆಸರು ಕೇಳಿದಮೇಲೆ ನನಗೆ ಬೇರೆ ಏನೂ ಕಾಣಿಸಲಿಲ್ಲ.

ಮೇಜಿನ ನಡುವೆ ಒಂದು ಸಂದು. ಒಂದು ಕಡೆ ಒದ್ದೆ ಕಾಗದದ ಕಟ್ಟನ್ನು ಬಿಗಿದಿರುತ್ತಾರೆ, ಇನ್ನೊಂದು ಕಡೆ ಅಚ್ಚು ಅಂಟಿಸಿರುತ್ತಾರೆ. ಅಚ್ಚಿಗೆ ಬಣ್ಣ ಬಳಿದು, ಹಾಳೆ ಎಳೆದು, ನಾರಿನ ಉಜ್ಜುಗದಿಂದ ಬೆನ್ನು ಉಜ್ಜಿ, ಸಂದಿಗೆ ಇಳಿಬಿಡಬೇಕು. ಎಲ್ಲಾ ಹಾಳೆಗೂ ಒಂದು ಬಣ್ಣ ಮುಗಿದಮೇಲೆ ಮುಂದಿನ ಅಚ್ಚು. ನಡುವೆ ಕಾಗದ ಒಣಗಿತೋ, ಕುಗ್ಗಿ ಅಳತೆ ತಪ್ಪುತ್ತದೆ.

ನನ್ನ ಮೊದಲ ಬೆಟ್ಟ ಕೆಸರು ಗುಡ್ಡೆಯಾಯಿತು. ನೀರು ಜಾಸ್ತಿ. ಎರಡನೆಯದರಲ್ಲಿ ನೀರು ಕಡಿಮೆ. ಮೇಷ್ಟ್ರು ನನ್ನ ಕೈಯಿಂದ ಕುಂಚ ತೆಗೆದುಕೊಂಡು, ಅಚ್ಚಿನ ಮೇಲ್ಭಾಗಕ್ಕೆ ಮಸಿ ಸವರಿ, ಕೆಳಗೆ ಬರೀ ನೀರಿನ ಕುಂಚ ಆಡಿಸಿದರು. ಹಾಳೆ ಎತ್ತಿದರೆ ಬೆಟ್ಟದ ಬುಡ ಮೆಲ್ಲಗೆ ಕರಗಿಹೋಗಿತ್ತು. ಪ್ರತಿ ಹಾಳೆಗೂ ಹೀಗೆ ಹೊಸದಾಗಿ ಬಳಿಯಬೇಕು ಅಂದರೆ ಎರಡು ಹಾಳೆ ಒಂದೇ ಥರ ಬರೋದಾದರೂ ಹೇಗೆ?

"ಮಂಜಿನ ಅಚ್ಚು ಯಾವುದು?" ಕೇಳಿದೆ. ಸಹೋದ್ಯೋಗಿ ಚೀನೀ ಭಾಷೆಗೆ ತಿರುಗಿಸಿದಳು. ಮೇಷ್ಟ್ರು ಖಾಲಿ ಕಾಗದವನ್ನು ಬೆರಳಲ್ಲಿ ತಟ್ಟಿದರು.

ಮಧ್ಯಾಹ್ನದ ಹೊತ್ತಿಗೆ ಒಂದು ಬೆಟ್ಟ ಸರಿಯಾಗಿ ಬಂತು. ಖುಷಿಯಲ್ಲಿ ಅದನ್ನೇ ನೋಡುತ್ತಾ ನಿಂತೆ. ಕಾಗದ ಒಣಗಿತು. ಮೇಲೆ ನೀರು ಚಿಮುಕಿಸಿ ಅವಸರದಲ್ಲಿ ಎಳೆದು ದೋಣಿಯ ಅಚ್ಚು ಒತ್ತಿದೆ. ದೋಣಿ ನೀರು ಬಿಟ್ಟು ಬಂಡೆಯ ಮೇಲೆ ಹತ್ತಿ ಕೂತಿತ್ತು, ಮುದುಕನ ಸಮೇತ.

ಸಹೋದ್ಯೋಗಿ ಬಗ್ಗಿ ನೋಡಿದಳು. "ಪಾಪ, ಮಂಜಿನಲ್ಲಿ ದಾರಿ ಕಂಡಿಲ್ಲ."